ಗೋಣಿಚೀಲದ ಮೇಲಿನ ಊರು

ಬೇಲಿಯಾಚೆಯ ಗೇರುಮರದ ಬುಡ ನೆರೆಮನೆಯ ಅಕ್ಕನ ಹಿತ್ತಲಿನಲ್ಲಿ, ಗೆಲ್ಲುಗಳೆಲ್ಲ ನಮ್ಮ ಹಿತ್ತಲಿನಲ್ಲಿ. ಹಣ್ಣು ಯಾರ ಕಡೆ ಬಿತ್ತೋ ಅವರಿಗೆ, ಬೀಜ ಮಾತ್ರ ಎಲ್ಲಿ ಬಿದ್ದರೂ ಅಕ್ಕನಿಗೆ. ಹೀಗೊಂದು ಒಪ್ಪಂದ ನಮ್ಮಲ್ಲುಂಟು. ಬರೆದಿಟ್ಟದ್ದಲ್ಲ, ಸಹಿ ಹಾಕಿದ್ದಲ್ಲ, ಆದರೂ ಇಷ್ಟು ವರ್ಷದಲ್ಲಿ ಒಮ್ಮೆಯೂ ಮುರಿದಿಲ್ಲ. ಮೊನ್ನೆ ಸಂಜೆ ನಾಲ್ಕು ಬೀಜ ಹೆಕ್ಕಿ ಬೇಲಿಯ ಮೇಲಿಂದ ಕೊಟ್ಟೆ. ಅಕ್ಕ ಅಂಗೈಯಲ್ಲಿಟ್ಟು ತೂಗಿ ನೋಡಿ, "ನೋಡಿ ಮಾಸ್ಟ್ರೆ, ನಮ್ಮ ಊರಿನ ಬೀಜ ಅಂದರೆ ಹೀಗಿರಬೇಕು. ಆಫ್ರಿಕದ್ದು ಇದರ ಮುಂದೆ ಬಡಕಲು" ಅಂದರು.

ಅಕ್ಕ ಹೇಳಿದರೆ ಅದು ಹೌದೇ. ಮದುವೆಯಾಗಿ ಕಾಪುವಿಗೆ ಬರುವ ಮೊದಲೂ ಬಂದ ಮೇಲೂ ಅವರು ದುಡಿದದ್ದು ಗೇರುಬೀಜದ ಕಾರ್ಖಾನೆಗಳಲ್ಲೇ. ಮೊದಲು ಕಾರ್ಕಳದ ಕಡೆ, ಆಮೇಲೆ ಇಲ್ಲೇ ಹತ್ತಿರ. ಬೀಜ ಬೇಯಿಸುವುದು, ಕತ್ತರಿಸುವುದು, ಒಣಗಿಸಿ ಸಿಪ್ಪೆ ತೆಗೆಯುವುದು, ಗಾತ್ರ ನೋಡಿ ಬೇರೆ ಮಾಡುವುದು, ಎಲ್ಲ ಗೊತ್ತು. ಓಡಿನ ಎಣ್ಣೆ ತಾಗಿ ಬೆರಳ ತುದಿ ಕಪ್ಪಾದದ್ದು ಈಗಲೂ ಪೂರ್ತಿ ಹೋಗಿಲ್ಲ. ಮುನ್ನೂರಿಪ್ಪತ್ತನೇ ನಂಬರಿನ ಬೀಜ ಅಂದರೆ ಒಂದು ಪೌಂಡಿಗೆ ಅಷ್ಟು ಬೀಜ ತೂಗುತ್ತದೆ ಅಂತ ನನಗೆ ಕಲಿಸಿದ್ದೇ ಅವರು. ಶಾಲೆಯಲ್ಲಿ ಮೂವತ್ತು ವರ್ಷ ತೂಕ ಅಳತೆ ಹೇಳಿಕೊಟ್ಟವ ನಾನು, ನನಗೆ ಅದು ಗೊತ್ತಿರಲಿಲ್ಲ ಮಾರಾಯ್ರೆ!

ಕಾರ್ಖಾನೆಗೆ ಬರುವ ಗೋಣಿಗಳ ಮೇಲೆ ಊರಿನ ಹೆಸರು ಅಚ್ಚಾಗಿರುತ್ತಿತ್ತಂತೆ. ತಾಂಜಾನಿಯ, ಬೆನಿನ್, ಐವರಿ ಕೋಸ್ಟ್, ಗಿನಿ ಬಿಸ್ಸಾವ್. ಓದಲು ಬರುವ ಹುಡುಗಿಯರು ಓದಿ ಹೇಳುವರು, ಉಳಿದವರು ಆ ಹೆಸರನ್ನು ತುಳುವಿಗೆ ಬಾಗಿಸಿಕೊಳ್ಳುವರು. ಬಿಸ್ಸಾವ್ ಅಕ್ಕನ ಬಾಯಲ್ಲಿ ಬಿಸ್ಸಾವು ಆಗಿದೆ, ನಮ್ಮ ಮಟ್ಟು, ಪಾಂಗಾಳದ ಹಾಗೆ ಆಚೆ ಕಡೆಯ ಯಾವುದೋ ಗ್ರಾಮ ಅನ್ನುವಂತೆ. ಮೊನ್ನೆ ಅದೇ ಮಾತು ಬಂದಾಗ ಇದ್ದಕ್ಕಿದ್ದ ಹಾಗೆ ಕೇಳಿದರು: "ಆ ಬಿಸ್ಸಾವಿನಲ್ಲಿ ನಮ್ಮವರು ಅಂತ ಯಾರಾದರೂ ಇದ್ದಾರಾ ಮಾಸ್ಟ್ರೆ? ಏನಾದರೂ ಹೆಚ್ಚುಕಮ್ಮಿಯಾದರೆ ಮಾತಾಡಲಿಕ್ಕೆ?" ತುಳುವಿನಲ್ಲಿ ಕೇಳಿದ್ದು, ನಾನು ಕನ್ನಡ ಮಾಡಿ ಹೇಳುತ್ತಿದ್ದೇನೆ. ನೋಡಿ, ಎಷ್ಟು ನೇರವಾದ ಪ್ರಶ್ನೆ. ವಿದೇಶಾಂಗ ಇಲಾಖೆ ಇರುವುದೇ ಆ ಪ್ರಶ್ನೆಗೆ ಉತ್ತರ ಹೇಳಲಿಕ್ಕೆ, ಅಲ್ವಾ?

ಗಿನಿ ಬಿಸ್ಸಾವ್ ಸಣ್ಣ ದೇಶ. 1973ರ ಸೆಪ್ಟೆಂಬರಿನಲ್ಲಿ ತಾನು ಸ್ವತಂತ್ರ ಅಂತ ತಾನೇ ಸಾರಿಕೊಂಡಿತು. ಆಳುತ್ತಿದ್ದ ಪೋರ್ಚುಗಲ್ ಅದನ್ನು ಒಪ್ಪಿದ್ದು 1974ರ ಸೆಪ್ಟೆಂಬರಿನಲ್ಲಿ. ಹೋರಾಟ ಕಟ್ಟಿದ ಅಮಿಲ್ಕಾರ್ ಕಬ್ರಾಲ್‌ಗೆ ಆ ದಿನ ನೋಡಲು ಸಿಗಲಿಲ್ಲ, 1973ರ ಜನವರಿಯಲ್ಲೇ ಕೊಂದಿದ್ದರು. ಇದೇ ಪೋರ್ಚುಗೀಸರು ಬ್ರೆಜಿಲಿನಿಂದ ಗೇರುಗಿಡ ತಂದು ಅಲ್ಲಿಯೂ ನೆಟ್ಟರು, ನಮ್ಮ ಕಡಲ ಬದಿಯಲ್ಲೂ ನೆಟ್ಟರು. ಬಸ್ರೂರಿನಿಂದ ಅಕ್ಕಿಯನ್ನು ಕಪ್ಪವಾಗಿ ಹೊತ್ತುಕೊಂಡು ಹೋದವರೂ ಅವರೇ. ಅಕ್ಕಿ ಹೋಯಿತು, ಗೇರು ಉಳಿಯಿತು. ಹಾಗಾಗಿ ಬಿಸ್ಸಾವಿನ ಮರಕ್ಕೂ ನಮ್ಮ ಬೇಲಿಯ ಮರಕ್ಕೂ ಅಜ್ಜಿಮನೆ ಒಂದೇ. ಇನ್ನೊಂದು ಕೇಳಿ. ನಮ್ಮ ಪಣಂಬೂರಿನ ನವಮಂಗಳೂರು ಬಂದರನ್ನು ದೇಶದ ಒಂಬತ್ತನೇ ಪ್ರಮುಖ ಬಂದರು ಅಂತ ಘೋಷಿಸಿದ್ದೂ ಅದೇ 1974ರಲ್ಲಿ. ಅಲ್ಲೊಂದು ದೇಶ ಬಾಗಿಲು ತೆರೆಯಿತು, ಇಲ್ಲೊಂದು ಬಂದರು.

ಅಕ್ಕನ ಪ್ರಶ್ನೆಗೆ ಉತ್ತರ ಹೇಳಬೇಕಲ್ಲ. "ಅಲ್ಲಿಗೆ ನಮ್ಮ ರಾಯಭಾರಿ ಇರುವುದು ಪಕ್ಕದ ಸೆನೆಗಲ್ ದೇಶದ ಡಕಾರ್‌ನಲ್ಲಿ. ಅಲ್ಲಿ ಕೂತು ಇದನ್ನೂ ನೋಡಿಕೊಳ್ಳುವ ಏರ್ಪಾಡು" ಅಂದೆ. ಅಕ್ಕನಿಗೆ ಸಮಾಧಾನ ಆಗಲಿಲ್ಲ. "ಹಾಗಾದರೆ ನಮ್ಮ ಭಟ್ಟರ ಹಾಗೆ" ಅಂದರು. ನಮ್ಮ ಕಡೆ ಒಬ್ಬರೇ ಭಟ್ಟರು ಬೆಳಿಗ್ಗೆ ಒಂದು ದೇವಸ್ಥಾನ, ಒಂಬತ್ತು ಗಂಟೆಗೆ ಇನ್ನೊಂದು, ಮಧ್ಯಾಹ್ನಕ್ಕೆ ಮತ್ತೊಂದು ಅಂತ ಬೈಕಿನಲ್ಲಿ ಓಡುತ್ತಿರುತ್ತಾರಲ್ಲ, ಹಾಗೆ. ನಾನು ಪುಸ್ತಕ ಓದಿ ತಿಳಿದದ್ದನ್ನು ಅಕ್ಕ ಒಂದೇ ಮಾತಿನಲ್ಲಿ ಹಿಡಿದರು. ಒಬ್ಬ ರಾಯಭಾರಿ ಎರಡು ಮೂರು ದೇಶಕ್ಕೆ ಆಗಬಹುದು ಅಂತ 1961ರ ವಿಯೆನ್ನಾ ಒಪ್ಪಂದದಲ್ಲೇ ಉಂಟು. ಕಂಪಾಲದಲ್ಲಿ ಕೂತವರು ಉಗಾಂಡದ ಜೊತೆಗೆ ರುವಾಂಡ, ಬುರುಂಡಿಯನ್ನೂ ನೋಡಿಕೊಂಡರು. ಗಾಂಧೀಜಿಯ ಮೊಮ್ಮಗ ಗೋಪಾಲಕೃಷ್ಣ ಗಾಂಧಿಯವರು ದಕ್ಷಿಣ ಆಫ್ರಿಕದಲ್ಲಿ ನಮ್ಮ ಹೈಕಮಿಷನರ್ ಆಗಿದ್ದಾಗ ಒಳಗಿನ ಪುಟ್ಟ ಲೆಸೊತೊ ರಾಜ್ಯಕ್ಕೂ ಅವರೇ. ಪೂಜೆ ತಪ್ಪುವುದಿಲ್ಲ, ಸರಿ. ಆದರೆ ಎಲ್ಲ ದೇವರಿಗೂ ಬೆಳಗಿನ ಪೂಜೆ ಬೆಳಿಗ್ಗೆಯೇ ಆಗಬೇಕಲ್ವಾ?

ರಾಯಭಾರ ಅಂದರೆ ನಮ್ಮ ಜಿಲ್ಲೆಯವರಿಗೆ ಹೊಸದಲ್ಲ. ಯಕ್ಷಗಾನ ನೋಡಿ ಬೆಳೆದವರಿಗೆ ಅದನ್ನು ವಿವರಿಸುವುದೇ ಬೇಡ. ಅಂಗದ ಸಂಧಾನ ಆಯಿತು, ಕೃಷ್ಣ ಸಂಧಾನ ಆಯಿತು, ಒಂದೊಂದು ತಾಳಮದ್ದಳೆಯಲ್ಲೂ ರಾಯಭಾರಿಯ ಹಕ್ಕು ಬಾಧ್ಯತೆಗಳ ಮೇಲೆ ಗಂಟೆಗಟ್ಟಲೆ ವಾದ. ನಾನು ಸಣ್ಣವನಿದ್ದಾಗ ಅಪ್ಪನ ಮಗ್ಗುಲಲ್ಲಿ ಚಾಪೆ ಹಾಸಿ ಕೂತು ಕೇಳಿದ್ದು ಇನ್ನೂ ಕಿವಿಯಲ್ಲುಂಟು. ಹಸ್ತಿನಾವತಿಗೆ ಬಂದ ಕೃಷ್ಣ ಕೌರವನ ಅರಮನೆಯ ಊಟ ಬಿಟ್ಟು ವಿದುರನ ಮನೆಗೆ ಹೋದನಲ್ಲ, ಆ ಒಂದು ನಡೆಯ ಮೇಲೆಯೇ ಅರ್ಧ ರಾತ್ರಿ ಹೋಗಿತ್ತು. ಸಂಧಾನಕ್ಕೆ ಬಂದವ ಎಲ್ಲಿ ಉಂಡ ಅನ್ನುವುದು ಈಗಲೂ ಪತ್ರಿಕೆಯಲ್ಲಿ ಸುದ್ದಿಯಾಗುತ್ತದೆ, ನೋಡಿ ಬೇಕಾದರೆ. ಇನ್ನು ಲಂಕೆಯಲ್ಲಿ ಹನುಮಂತನನ್ನು ಕೊಲ್ಲಲು ಹೊರಟಾಗ ವಿಭೀಷಣ ತಡೆದು, ದೂತನನ್ನು ಕೊಲ್ಲಬಾರದು ಅಂದನಲ್ಲ. ವಿಯೆನ್ನಾದಲ್ಲಿ ದೇಶದೇಶಗಳು ಸೇರಿ ಬರೆದದ್ದೂ ಅದನ್ನೇ: ರಾಯಭಾರಿಯ ಮೈ ಮುಟ್ಟಬಾರದು, ಬಂಧಿಸಬಾರದು. ಬಾಲಕ್ಕೆ ಬೆಂಕಿ ಹಚ್ಚಬಾರದು ಅಂತ ಬೇರೆ ಬರೆಯಲಿಲ್ಲ, ಅದೂ ಅದರಲ್ಲೇ ಬಂತು.

ಬರೀ ಕತೆಯಲ್ಲಲ್ಲ, ನಿಜವಾದ ರಾಯಭಾರಿಗಳೂ ಈ ದಾರಿಯಲ್ಲಿ ನಡೆದವರೇ. 1443ರಲ್ಲಿ ಹೆರಾತಿನ ಸುಲ್ತಾನ ಶಾಹ್‌ರುಖ್‌ನ ರಾಯಭಾರಿ ಅಬ್ದುರ್ ರಜಾಕ್ ಮಂಗಳೂರಿಗೆ ಬಂದು ಇಲ್ಲಿಂದ ಘಟ್ಟ ಹತ್ತಿ ವಿಜಯನಗರಕ್ಕೆ ಹೋದ. ಕಾರ್ಕಳದ ಗೊಮ್ಮಟ ನಿಂತು ಆಗ ಹನ್ನೊಂದು ವರ್ಷ, ಕಲ್ಲು ಹೊಸದಾಗಿಯೇ ಇದ್ದಿರಬೇಕು. ಮಂಗಳೂರಿನ ಹತ್ತಿರ ಎರಕದ ಲೋಹದ ಒಂದು ಗುಡಿ ಕಂಡು ಬೆರಗಾದದ್ದನ್ನು ಅವನು ಬರೆದಿಟ್ಟಿದ್ದಾನೆ. ಹೊರಗಿನವನ ಕಣ್ಣಿಗೆ ನಮ್ಮ ಊರು ಬಿದ್ದದ್ದು ರಾಯಭಾರದ ದೆಸೆಯಿಂದ. ಇರಲಿ, ಎಲ್ಲಿಂದಲೋ ಎಲ್ಲಿಗೋ ಹೋದೆ. ಆಫ್ರಿಕಕ್ಕೆ ಬರುವಾ.

ಆಫ್ರಿಕದಲ್ಲಿ ದೇಶಗಳು ಒಂದರ ಹಿಂದೆ ಒಂದು ಸ್ವತಂತ್ರವಾದ ಕಾಲ ಅದು. 1957ರ ಮಾರ್ಚ್ 6ಕ್ಕೆ ಘಾನಾ, ಕ್ವಾಮೆ ಎನ್‌ಕ್ರುಮಾ ಅವರ ನಾಯಕತ್ವದಲ್ಲಿ. 1960 ಒಂದೇ ವರ್ಷದಲ್ಲಿ ಹದಿನೇಳು ದೇಶ! ನಮ್ಮ ಸರಕಾರ ಬಾಗಿಲು ತೆರೆಯುವವರೆಗೆ ಕಾದು ಕೂತಿರಲಿಲ್ಲ. ಘಾನಾ ಇನ್ನೂ ಬ್ರಿಟಿಷರ ಗೋಲ್ಡ್ ಕೋಸ್ಟ್ ಆಗಿದ್ದಾಗಲೇ, 1953ರಲ್ಲಿ, ಆಕ್ರಾದಲ್ಲಿ ಕಚೇರಿ ತೆರೆಯಿತು. ಅಲ್ಲಿಗೆ ಹೋದವರಲ್ಲಿ ಒಬ್ಬರು ವನಪರ್ತಿಯ ರಾಜಮನೆತನದ ರಾಮೇಶ್ವರ ರಾವ್, ಮುಂದೆ ಸಂಸದರೂ ಪುಸ್ತಕ ಪ್ರಕಾಶಕರೂ ಆದವರು. ವನಪರ್ತಿ ಅಂದರೆ ನಮ್ಮ ರಾಯಚೂರಿಗೆ ದೂರವಲ್ಲ. ಅದಕ್ಕೂ ಮೊದಲು ನೈರೋಬಿಯಲ್ಲಿ 1948ರಿಂದ ಆರು ವರ್ಷ ಇದ್ದವರು ಔಂಧ್ ಸಂಸ್ಥಾನದ ಅಪ್ಪಾ ಪಂತ್. ಸೂರ್ಯನಮಸ್ಕಾರವನ್ನು ಊರೂರಿಗೆ ಹಬ್ಬಿಸಿದ ರಾಜರ ಮಗ. ಆಗೆಲ್ಲ ಮೊದಲು ಹೋದವರಲ್ಲಿ ರಾಜಕುಮಾರರೇ ಸುಮಾರು ಜನ. ಬಳಿಕ ಪರೀಕ್ಷೆ ಬರೆದವರ ಕಾಲ ಬಂತು. ನನಗೆ ಹೇಳಲಿಕ್ಕಿರುವುದು ಆ ಎರಡನೆಯವರಲ್ಲಿ ಒಬ್ಬರ ಕತೆ.

ಅದಕ್ಕೆ ಮೊದಲು ಅಕ್ಕನ ಮೊಮ್ಮಗಳ ಮಾತು ಹೇಳಬೇಕು. ಉಡುಪಿಯ ಕಾಲೇಜಿನಲ್ಲಿ ಬಿ.ಎ. ಓದುತ್ತಾಳೆ. ರಜೆಯಲ್ಲಿ ಬಂದಾಗ ಅಜ್ಜಿಯ ಹತ್ತಿರ, "ನಾನು ಐ.ಎಫ್.ಎಸ್. ಮಾಡುತ್ತೇನೆ" ಅಂದಳಂತೆ. ಅಕ್ಕನಿಗೆ ಗಾಬರಿ. "ಹೆಣ್ಣುಮಗು ಕಾಡಿನಲ್ಲಿ ಹೇಗೆ ಇರುತ್ತದೆ ಮಾಸ್ಟ್ರೆ, ಆನೆ ಕಾಟ ಬೇರೆ" ಅಂತ ನನ್ನ ಹತ್ತಿರ ಬಂದರು. ಅಕ್ಕನ ತಪ್ಪಲ್ಲ. ಅರಣ್ಯ ಸೇವೆಗೂ ಅದೇ ಮೂರು ಅಕ್ಷರ, ವಿದೇಶ ಸೇವೆಗೂ ಅದೇ ಮೂರು ಅಕ್ಷರ. ಇಡೀ ದೇಶದಲ್ಲಿ ಎಷ್ಟು ಅಜ್ಜಿಯಂದಿರು ಈ ಅಕ್ಷರಗಳಿಂದ ಕಾಡು ಹೊಕ್ಕಿದ್ದಾರೋ! ನನಗೆ ಥಟ್ಟನೆ ನೆನಪಾದದ್ದು ಕೊಡಗಿನ ಮುತ್ತಮ್ಮ. ಅವರ ಅಪ್ಪ ಅರಣ್ಯಾಧಿಕಾರಿ, ಮಗಳು ವಿದೇಶ ಸೇವೆ.

ಸಿ.ಬಿ. ಮುತ್ತಮ್ಮ ಹುಟ್ಟಿದ್ದು 1924ರಲ್ಲಿ, ವಿರಾಜಪೇಟೆಯಲ್ಲಿ. ಒಂಬತ್ತು ವರ್ಷಕ್ಕೇ ಅಪ್ಪ ತೀರಿಹೋದರು. ನಾಲ್ಕು ಮಕ್ಕಳನ್ನು ಓದಿಸಿದ್ದು ಅಮ್ಮ. ಮಡಿಕೇರಿಯಲ್ಲಿ ಶಾಲೆ, ಮದ್ರಾಸಿನಲ್ಲಿ ಕಾಲೇಜು, ಅಲ್ಲಿ ಚಿನ್ನದ ಪದಕಗಳು. ಸಿವಿಲ್ ಸರ್ವೀಸ್ ಪರೀಕ್ಷೆ ಪಾಸು ಮಾಡಿ 1949ರಲ್ಲಿ ವಿದೇಶ ಸೇವೆಗೆ ಸೇರಿದರು, ಆ ಸೇವೆಗೆ ಬಂದ ಮೊದಲ ಹೆಣ್ಣುಮಗಳು. ಸೇರುವಾಗಲೇ ಒಂದು ಕಾಗದಕ್ಕೆ ಸಹಿ ಹಾಕಬೇಕಾಯಿತು: ಮದುವೆಯಾದರೆ ಕೆಲಸ ಬಿಡುತ್ತೇನೆ ಅಂತ. ಗಂಡಸರಿಗೆ ಅಂಥ ಕಾಗದ ಇರಲಿಲ್ಲ. ಪ್ಯಾರಿಸ್, ರಂಗೂನ್, ಲಂಡನ್ ಅಂತ ಊರೂರು ಸುತ್ತಿ 1970ರಲ್ಲಿ ಹಂಗೇರಿಗೆ ರಾಯಭಾರಿಯಾದರು. ಸೇವೆಯ ಒಳಗಿನಿಂದ ಬೆಳೆದು ಆ ಸ್ಥಾನಕ್ಕೇರಿದ ಮೊದಲ ಭಾರತೀಯ ಮಹಿಳೆ. ಅಲ್ಲಿಂದ ಹೋದದ್ದು ಆಕ್ರಾಕ್ಕೆ, ಘಾನಾದಲ್ಲಿ ನಮ್ಮ ಹೈಕಮಿಷನರ್ ಆಗಿ.

ಆಫ್ರಿಕದ ಹೊಸ ದೇಶಕ್ಕೆ ಹಾಕಿದರೆ ಏನೋ ಶಿಕ್ಷೆ ಕೊಟ್ಟಂತೆ ಅನ್ನುವ ಭಾವನೆ ನಮ್ಮಲ್ಲುಂಟು. ಸರಕಾರಿ ಶಾಲೆಯ ಮಾಸ್ಟ್ರನ್ನು ಘಟ್ಟದ ಬುಡದ ಏಕೋಪಾಧ್ಯಾಯ ಶಾಲೆಗೆ ಹಾಕಿದರೂ ಜನ ಹಾಗೇ ಮಾತಾಡುತ್ತಾರೆ. ನಾನೂ ಅಂಥ ಶಾಲೆಯಲ್ಲಿ ನಾಲ್ಕು ವರ್ಷ ಇದ್ದೆ, ಹೆಬ್ರಿಯ ಆಚೆ. ಗಂಟೆ ಹೊಡೆಯುವವನೂ ನಾನೇ, ಹಾಜರಿ ಕರೆಯುವವನೂ ನಾನೇ, ಊರಿನವರ ಅರ್ಜಿ ಬರೆಯುವವನೂ ನಾನೇ. ಆ ಊರಿಗೆ ಸರಕಾರ ಅಂದರೆ ಒಬ್ಬ ಮಾಸ್ಟ್ರು. ದೊಡ್ಡ ಶಾಲೆಯಲ್ಲಿ ನಾನು ಹತ್ತರಲ್ಲಿ ಒಬ್ಬನಾಗಿದ್ದೆ, ಅಲ್ಲಿ ಒಬ್ಬನೇ ಹತ್ತು ಜನ ಆಗಿದ್ದೆ. ಹೊಸ ದೇಶಕ್ಕೆ ಹೋದ ರಾಯಭಾರಿಯ ಕೆಲಸವೂ ಅದೇ. ಲಂಡನ್ನಿನಲ್ಲಿ ಭಾರತ ಏನು ಅಂತ ಗೊತ್ತುಮಾಡಲು ಸಾವಿರ ದಾರಿ ಉಂಟು. ಆಗಷ್ಟೇ ಬಾವುಟ ಏರಿಸಿದ ಊರಿನಲ್ಲಿ ಆ ಒಬ್ಬರು ನಡೆದುಕೊಂಡದ್ದೇ ಭಾರತ. ಆ ಕುರ್ಚಿಯಲ್ಲಿ ವಿರಾಜಪೇಟೆಯ ಹೆಣ್ಣುಮಗಳು ಕೂತದ್ದು ನಮಗೆ ಹೆಮ್ಮೆ ಅಲ್ವಾ? ಹಂಗೇರಿಯನ್ನು ಎಲ್ಲರೂ ಬರೆಯುತ್ತಾರೆ, ಘಾನಾವನ್ನು ಒಂದು ಶಬ್ದದಲ್ಲಿ ದಾಟಿಬಿಡುತ್ತಾರೆ. ನನಗೆ ಅದು ಸರಿ ಕಾಣುವುದಿಲ್ಲ. ಬೆಂಗಳೂರಿನಲ್ಲಿ ನೆಲೆಸಿ ಗಾಂಧೀವಿಚಾರಕ್ಕೆ ದುಡಿದ ಪಾಸ್ಕಲ್ ಅಲನ್ ನಜರೆತ್ ಅವರೂ ಮುಂದೆ ಅದೇ ಆಕ್ರಾದಲ್ಲಿ ಹೈಕಮಿಷನರ್ ಆಗಿದ್ದವರು. ನಮ್ಮ ರಾಜ್ಯಕ್ಕೂ ಘಾನಾಕ್ಕೂ ಹೀಗೊಂದು ನಂಟು.

ಮುತ್ತಮ್ಮನವರ ದೊಡ್ಡ ಜಗಳ ಗೊತ್ತೇ ಉಂಟು. ಬಡ್ತಿ ತಪ್ಪಿಸಿದಾಗ ಸುಪ್ರೀಂ ಕೋರ್ಟಿಗೆ ಹೋದರು. ಮದುವೆಗೆ ಸರಕಾರದ ಅನುಮತಿ ಬೇಕು, ಮದುವೆಯಾದ ಹೆಂಗಸಿಗೆ ನೇಮಕದ ಹಕ್ಕಿಲ್ಲ, ಇಂಥ ನಿಯಮಗಳು 1961ರಿಂದ ಪುಸ್ತಕದಲ್ಲೇ ಇದ್ದವು. ಪ್ರಕರಣ ನಡೆಯುವಷ್ಟರಲ್ಲಿ ಸರಕಾರ ಬಡ್ತಿಯನ್ನೂ ಕೊಟ್ಟಿತು, ನಿಯಮಗಳನ್ನು ತೆಗೆಯಲೂ ಒಪ್ಪಿತು. 1979ರ ಸೆಪ್ಟೆಂಬರಿನಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅವರು ಕೊಟ್ಟ ತೀರ್ಪನ್ನು ಕಾನೂನು ಓದುವ ಮಕ್ಕಳು ಈಗಲೂ ಓದುತ್ತಾರೆ. ನನಗೆ ಇಷ್ಟವಾದದ್ದು ಇನ್ನೊಂದು. ನಿವೃತ್ತಿಯ ಬಳಿಕ ಅವರು ಕೊಡವ ಅಡುಗೆಯ ಪುಸ್ತಕ ಮಾಡುವುದರಲ್ಲೂ ಕೈಜೋಡಿಸಿದರು. ಮೂರು ಖಂಡದ ಔತಣ ಉಂಡವರು ಕಡಂಬಿಟ್ಟಿನ ಅಳತೆ ಬರೆದಿಟ್ಟರು. ಅಕ್ಕನಿಗೆ ಇದನ್ನು ಹೇಳಿದಾಗ, "ಹಾಗಾದರೆ ಮನೆಯ ಹುಡುಗಿಯೇ" ಅಂದರು. ಕೋರ್ಟಿನ ಕತೆಗಿಂತ ಅದು ಹೆಚ್ಚು ಹಿಡಿಸಿತು ಅವರಿಗೆ.

ಈ ಹೈಕಮಿಷನರ್ ಅನ್ನುವ ಶಬ್ದ ಒಂದು ಚೋದ್ಯ. ಕಾಮನ್‌ವೆಲ್ತ್ ಬಳಗದ ದೇಶಕ್ಕೆ ಹೋದರೆ ಹೈಕಮಿಷನರ್, ಹೊರಗಿನ ದೇಶಕ್ಕೆ ಹೋದರೆ ರಾಯಭಾರಿ. ಕೆಲಸ ಒಂದೇ, ಬೋರ್ಡು ಬೇರೆ. ಗ್ಯಾಂಬಿಯಾ ಅಂತ ಒಂದು ದೇಶ ಉಂಟಲ್ಲ, ನದಿಯ ಎರಡು ದಂಡೆಗೆ ಸೀರೆಯ ಅಂಚಿನ ಹಾಗೆ ಉದ್ದಕ್ಕೆ ಹಾಸಿಕೊಂಡದ್ದು. 1965ರಲ್ಲಿ ಸ್ವತಂತ್ರವಾಯಿತು. 2013ರಲ್ಲಿ ಬಳಗ ಬಿಟ್ಟಿತು, 2018ರಲ್ಲಿ ಮತ್ತೆ ಸೇರಿತು. ಬಳಗದ ದೇಶಗಳಿಂದ ಬಂದವರ ಹೆಸರಿನ ಹಿಂದಿನ ಪದವಿ ಆ ನಡುವಿನ ವರ್ಷಗಳಲ್ಲಿ ಬೇರೆಯೇ. ರುವಾಂಡದ್ದು ಇನ್ನೂ ಮಜಾ. ಅದು ಬ್ರಿಟಿಷರ ಕೈಯಲ್ಲಿ ಇರಲೇ ಇಲ್ಲ, ಆಳಿದ್ದು ಬೆಲ್ಜಿಯಂ. ಆದರೂ 2009ರಲ್ಲಿ ಬಳಗ ಸೇರಿದ್ದರಿಂದ ಕಿಗಾಲಿಯಲ್ಲಿರುವ ನಮ್ಮವರು ಹೈಕಮಿಷನರ್. ಇನ್ನು ಸಾಲಿನಲ್ಲಿ ಯಾರು ಮುಂದೆ ನಿಲ್ಲಬೇಕು ಅನ್ನುವುದಕ್ಕೂ ಕ್ರಮ ಉಂಟು. ದೇಶ ದೊಡ್ಡದೋ ಸಣ್ಣದೋ ಲೆಕ್ಕವಿಲ್ಲ, ಯಾರು ಮೊದಲು ಬಂದು ಅಧಿಕಾರ ವಹಿಸಿಕೊಂಡರೋ ಅವರು ಮುಂದೆ. ಅಮೆರಿಕದವರ ಮುಂದೆ ಸೇಶೆಲ್ಸ್‌ನವರು ನಿಲ್ಲಬಹುದು. ಉಡುಪಿಯ ಅಷ್ಟಮಠಗಳ ಪರ್ಯಾಯ ನೋಡಿದ ನಮಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ಎರಡು ವರ್ಷಕ್ಕೊಮ್ಮೆ ಸರದಿ, ಮಠದ ಗದ್ದೆ ಎಷ್ಟು ಅಂತ ಯಾರೂ ಕೇಳುವುದಿಲ್ಲ.

ಸೇಶೆಲ್ಸ್ ಅಂದಾಗ ನೆನಪಾಯಿತು. 1976ರ ಜೂನ್ 29ಕ್ಕೆ ಅದು ಸ್ವತಂತ್ರವಾದಾಗ ನಮ್ಮ ನೌಕಾಪಡೆಯ ನೀಲಗಿರಿ ಹಡಗು ಅಲ್ಲಿ ಹೋಗಿ ಆ ಸಂಭ್ರಮದಲ್ಲಿ ನಿಂತಿತ್ತು. ಈಗಲೂ ಅಲ್ಲಿಯ ಜನಸಂಖ್ಯೆ ಒಂದು ಲಕ್ಷದ ಸುಮಾರಿಗೆ. ನಮ್ಮ ಉಡುಪಿ ಜಿಲ್ಲೆಯದು 2011ರ ಗಣತಿಯಲ್ಲೇ 11 ಲಕ್ಷದ 77 ಸಾವಿರ. ಅಂದರೆ ಹತ್ತು ಸೇಶೆಲ್ಸ್ ನಮ್ಮ ಜಿಲ್ಲೆಯೊಳಗೆ. ಆದರೆ ವಿಶ್ವಸಂಸ್ಥೆಯಲ್ಲಿ ಭಾರತಕ್ಕೆ ಒಂದು ಮತ, ಸೇಶೆಲ್ಸ್‌ಗೂ ಒಂದು ಮತ. ಸಣ್ಣ ದೇಶ ಅಂತ ಕಡೆಗಣಿಸುವವರು ಇದನ್ನು ಮರೆಯಬಾರದು.

ರುವಾಂಡದ ಒಂದು ವಿಷಯವಂತೂ ಅಕ್ಕನಿಗೆ ಹೇಳದೆ ಇರಲು ಆಗಲಿಲ್ಲ. 2018ರ ಜುಲೈಯಲ್ಲಿ ಪ್ರಧಾನಿ ಮೋದಿಯವರು ಅಲ್ಲಿಗೆ ಹೋದಾಗ ರ್ವೇರು ಅನ್ನುವ ಹಳ್ಳಿಯಲ್ಲಿ 200 ದನಗಳನ್ನು ಉಡುಗೊರೆ ಕೊಟ್ಟರು. ಇಲ್ಲಿಂದ ಹಡಗಿನಲ್ಲಿ ತಕ್ಕೊಂಡು ಹೋದದ್ದಲ್ಲ, ಅಲ್ಲಿಯೇ ಕೊಂಡದ್ದು. ಬಡವರ ಮನೆಗೆ ಒಂದೊಂದು ದನ ಕೊಡುವ ಯೋಜನೆ ಅಲ್ಲಿ 2006ರಿಂದ ಉಂಟು, ಗಿರಿಂಕಾ ಅಂತ ಹೆಸರು. ಅವರ ಭಾಷೆಯಲ್ಲಿ ಅದರ ಅರ್ಥ, ನಿನಗೊಂದು ದನ ಇರಲಿ ಅಂತ. ದನ ಪಡೆದವರು ಅದು ಹಾಕಿದ ಮೊದಲ ಹೆಣ್ಣುಕರುವನ್ನು ನೆರೆಮನೆಗೆ ಕೊಡಬೇಕು. ಬೇಲಿ ದಾಟಿ ಕರು ಹೋಗುವ ದೇಶ ಅದು! ಅಕ್ಕ ಎರಡು ಸಲ ಹೇಳಿಸಿಕೊಂಡು ಕೇಳಿದರು. ಅದೇ ವರ್ಷ ಕಿಗಾಲಿಯಲ್ಲಿ ನಮ್ಮ ಕಚೇರಿ ತೆರೆಯಿತು. ಸ್ವಾತಂತ್ರ್ಯ ಬಂದದ್ದು 1962ರಲ್ಲಿ, ನಮ್ಮವರು ಅಲ್ಲೇ ಮನೆ ಮಾಡಿದ್ದು 56 ವರ್ಷದ ಬಳಿಕ.

ಕಿಗಾಲಿ ಒಂದೇ ಅಲ್ಲ. ಆಫ್ರಿಕದಲ್ಲಿ ಇರುವುದು 54 ದೇಶ, 2018ರವರೆಗೆ ನಮ್ಮ ಕಚೇರಿ ಇದ್ದದ್ದು 29 ಕಡೆ. ಇನ್ನೂ ಹದಿನೆಂಟು ತೆರೆಯುವುದು ಅಂತ ಕೇಂದ್ರ ಸಂಪುಟ ಆ ವರ್ಷ ನಿರ್ಧರಿಸಿತು. ಆ ಪಟ್ಟಿಯಲ್ಲಿ ಟೋಗೊ ಉಂಟು, ಜಿಬೂಟಿ ಉಂಟು, ಕೇಪ್ ವರ್ಡ್ ಉಂಟು, ಅಕ್ಕನ ಬಿಸ್ಸಾವೂ ಉಂಟು. ಸುಮ್ಮನೆ ಪಟ್ಟಿ ಅಂತ ಓದಬೇಡಿ. ಬೀಜದ ಕೊಯ್ಲಿನ ಕಾಲದಲ್ಲಿ ಅಲ್ಲಿ ಗಲಾಟೆಯಾದರೆ, ರಫ್ತಿಗೆ ತಡೆ ಬಿದ್ದರೆ, ಹಡಗು ತಡವಾದರೆ, ಅದರ ಬಿಸಿ ತಾಗುವುದು ಕಾರ್ಕಳದ ಕಾರ್ಖಾನೆಯಲ್ಲಿ ಸಿಪ್ಪೆ ತೆಗೆಯುವವರ ವಾರದ ಸಂಬಳಕ್ಕೆ. ಬೀಜ ಬಂದಿಲ್ಲ ಅಂತ ಕೆಲಸ ನಿಂತ ವಾರಗಳನ್ನು ಅಕ್ಕ ಕಂಡಿದ್ದಾರೆ. ಅಲ್ಲಿ ಕೂತು ಮಾತಾಡುವವರು ಒಬ್ಬರು ಬೇಕು ಅನ್ನುವುದು ಅವರಿಗೆ ದೆಹಲಿಯ ವಿಚಾರವಲ್ಲ, ಅಡುಗೆಮನೆಯ ವಿಚಾರ. ಮಣಿಪಾಲದ ಟೈಗರ್ ಸರ್ಕಲ್ಲಿನ ಹತ್ತಿರ ದೂರದೇಶದ ಮಕ್ಕಳು ಬಸ್ಸು ಕಾಯುತ್ತಾ ನಿಂತದ್ದು ಕಂಡಾಗಲೂ ನನಗೆ ಹಾಗೇ ಅನಿಸುತ್ತದೆ. ಇಲ್ಲಿ ಕಲಿತು ಊರಿಗೆ ಹೋದ ಮೇಲೆ ಅವರೂ ನಮ್ಮ ಬಗ್ಗೆ ನಾಲ್ಕು ಮಾತು ಆಡುವವರೇ. ಬಸ್ಸಿನಲ್ಲಿ ಸೀಟು ಬಿಟ್ಟುಕೊಟ್ಟವರ ಹೆಸರು ಅವರಿಗೆ ಗೊತ್ತಿರಲಿಕ್ಕಿಲ್ಲ, ಊರಿನ ಹೆಸರು ಗೊತ್ತಿರುತ್ತದೆ.

ಮುತ್ತಮ್ಮನವರು 1982ರಲ್ಲಿ ನಿವೃತ್ತರಾದರು. 2009ರ ಅಕ್ಟೋಬರಿನಲ್ಲಿ ಬೆಂಗಳೂರಿನಲ್ಲಿ ತೀರಿಕೊಂಡರು, ಎಂಬತ್ತೈದು ವರ್ಷ. ಈಗ ಯಾವ ಹುಡುಗಿಯೂ ಆ ಕಾಗದಕ್ಕೆ ಸಹಿ ಹಾಕಬೇಕಾಗಿಲ್ಲ. ಮೊನ್ನೆ ಅಕ್ಕ ಬೀಜಗಳನ್ನು ಸೆರಗಿನಲ್ಲಿ ಕಟ್ಟಿಕೊಂಡು ಒಳಗೆ ಹೊರಟವರು ತಿರುಗಿ ನಿಂತು, "ಪರೀಕ್ಷೆ ಇಂಗ್ಲಿಷಿನಲ್ಲಾ ಮಾಸ್ಟ್ರೆ? ಇವಳದ್ದು ಎಲ್ಲ ಕನ್ನಡ ಶಾಲೆ" ಅಂದರು. ಕಾಪುವಿನಲ್ಲೋ ಕಾರ್ಕಳದಲ್ಲೋ ಇದನ್ನೇ ಕೇಳುವ ಅಜ್ಜಿಯರು ಇನ್ನೂ ಇದ್ದಾರು, ಅವರ ಮೊಮ್ಮಕ್ಕಳಿಗೂ ಆಗಲಿ ಅಂತ ಇಲ್ಲಿಯೂ ಹೇಳುತ್ತೇನೆ: ಪದವಿ ಒಂದು ಬೇಕು, ಮುಖ್ಯ ಪರೀಕ್ಷೆಯ ಹೆಚ್ಚಿನ ಪತ್ರಿಕೆಗಳನ್ನು ಕನ್ನಡದಲ್ಲೇ ಬರೆಯಬಹುದು, ಸಂದರ್ಶನದಲ್ಲೂ ಕನ್ನಡದಲ್ಲೇ ಮಾತಾಡಬಹುದು.